ಕೊನೆಯ ಅಕ್ಷರದವರೆಗೆ ಕಾಯುವುದು

ಕೆಲವು ವರ್ಷಗಳ ಹಿಂದೆ ಅನುವಾದಕ್ಕೆಂದು ಒಂದು ಪ್ರಶ್ನಾವಳಿ ನನ್ನ ಕೈಗೆ ಬಂತು. ದೀರ್ಘ ಕಾಯಿಲೆಯಲ್ಲಿರುವವರ ಮನಸ್ಸು ಹೇಗಿದೆ ಎಂದು ಅಳೆಯುವ ಪ್ರಶ್ನೆಗಳು. ಇಂಥ ಕೆಲಸಕ್ಕೆ ಒಂದು ಕ್ರಮವಿದೆ. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುತ್ತಾರೆ, ಮೂಲವನ್ನು ನೋಡಿರದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ, ಎರಡೂ ತಾಳೆಯಾದರೆ ಪಾಸು. ನಾನು ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ. ಖಿನ್ನತೆಯ ಬಗ್ಗೆ ಕೇಳುವ ಒಂದು ಸಾಲಿಗೆ ‘ನಿಮಗೆ ಬೇಜಾರಾಗುತ್ತದೆಯೇ?’ ಎಂದು ಬರೆದಿದ್ದೆ. ತಿರುಗಿ ಬಂದ ಇಂಗ್ಲಿಷಿನಲ್ಲಿ ಅದು ‘ಹೊತ್ತು ಹೋಗುವುದಿಲ್ಲವೇ?’ ಎಂಬರ್ಥದ ಪ್ರಶ್ನೆಯಾಗಿತ್ತು. ತಪ್ಪು ಆ ಅನುವಾದಕರದಲ್ಲ. ಪಾರಸಿಯಿಂದ ಬಂದ ‘ಬೇಜಾರು’ ನಮ್ಮಲ್ಲಿ ದುಃಖಕ್ಕೂ ಆಗುತ್ತದೆ, ಮುನಿಸಿಗೂ ಆಗುತ್ತದೆ, ಮಳೆಗಾಲದ ಮಧ್ಯಾಹ್ನದ ಜಡತೆಗೂ ಆಗುತ್ತದೆ. ‘ಖಿನ್ನತೆ’ ಎಂದು ಬರೆಯೋಣವೆಂದರೆ ಅದು ಯಾರ ಮನೆಯ ಅಡುಗೆಕೋಣೆಯಲ್ಲೂ ಆಡುವ ಮಾತಲ್ಲ.

ಹೇಗೋ ಆ ಕೆಲಸ ಮುಗಿಯಿತು. ಆದರೆ ಒಂದು ಪ್ರಶ್ನೆ ನನ್ನಲ್ಲೇ ಉಳಿದುಬಿಟ್ಟಿತು. ಬಾಯಿ ತೆರೆದು ಉತ್ತರ ಹೇಳಬಲ್ಲವರನ್ನು ಕೇಳುವುದೇ ಇಷ್ಟು ಕಷ್ಟವಾದರೆ, ಮಾತು ನಿಂತುಹೋದವರನ್ನು ‘ಹೇಗಿದ್ದೀರಿ?’ ಎಂದು ಕೇಳುವುದು ಹೇಗೆ? ಹಾಗೆ ಯಾರಾದರೂ ಕೇಳಿದ್ದಾರೆಯೇ? ಹುಡುಕುತ್ತ ಹೋದಾಗ ಒಂದು ಕಾಯಿಲೆಯ ನೂರೈವತ್ತು ವರ್ಷಗಳ ಚರಿತ್ರೆ ತೆರೆದುಕೊಂಡಿತು. ಅದನ್ನೇ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಕಾಯಿಲೆಯ ಹೆಸರು ಮೋಟಾರ್ ನ್ಯೂರಾನ್ ಡಿಸೀಸ್. ಅದರಲ್ಲಿ ಹೆಚ್ಚು ಕಾಣುವ ಬಗೆಗೆ ಎಎಲ್‌ಎಸ್ ಎನ್ನುತ್ತಾರೆ. ಸ್ನಾಯುಗಳಿಗೆ ‘ಅಲುಗಾಡು’ ಎಂದು ಹೇಳುವ ನರಕೋಶಗಳು ಮಿದುಳಿನಲ್ಲೂ ಬೆನ್ನುಹುರಿಯಲ್ಲೂ ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಒಬ್ಬರಿಗೆ ಅಂಗಿಯ ಗುಂಡಿ ಹಾಕಲು ಆಗದೆ ಶುರುವಾಗುತ್ತದೆ, ಇನ್ನೊಬ್ಬರಿಗೆ ನಾಲಿಗೆ ತೊದಲಿ. ಆಮೇಲೆ ಕೈಕಾಲು, ನುಂಗುವುದು, ಮಾತು, ಕಡೆಗೆ ಉಸಿರು. ಬಹುಪಾಲು ಜನ ಲಕ್ಷಣ ಕಾಣಿಸಿಕೊಂಡ ಎರಡರಿಂದ ಐದು ವರ್ಷಗಳೊಳಗೆ ತೀರಿಕೊಳ್ಳುತ್ತಾರೆ. ಕಣ್ಣು ಹೊರಳಿಸುವ ಸ್ನಾಯುಗಳು ಮಾತ್ರ ಸಾಮಾನ್ಯವಾಗಿ ಬಹಳ ಕಾಲ ಉಳಿಯುತ್ತವೆ. ಕೆಲವರಲ್ಲಿ ಯೋಚನೆ, ನಡವಳಿಕೆಗಳೂ ಬದಲಾಗುವುದುಂಟು. ಆದರೆ ಹೆಚ್ಚಿನವರು ತಮಗೆ ಏನಾಗುತ್ತಿದೆ ಎಂಬುದನ್ನು ಪೂರ್ತಿ ತಿಳಿದೇ ಇರುತ್ತಾರೆ.

ಈ ಕಾಯಿಲೆಗೆ ಹೆಸರಿಟ್ಟವರು ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜಾನ್-ಮಾರ್ಟಿನ್ ಶಾರ್ಕೋ. 1869ರಲ್ಲಿ ಲಕ್ಷಣಗಳನ್ನು ವಿವರಿಸಿದರು, 1874ರಲ್ಲಿ ಇಂದು ಬಳಸುವ ಉದ್ದನೆಯ ಹೆಸರು ಕೊಟ್ಟರು: ಅಮಯೊಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್. ಬಿಡಿಸಿ ಓದಿದರೆ, ಸ್ನಾಯುವಿಗೆ ಪೋಷಣೆ ತಪ್ಪಿ ಬೆನ್ನುಹುರಿಯ ಪಕ್ಕದ ಭಾಗ ಗಟ್ಟಿಯಾಗಿರುವುದು. ಶಾರ್ಕೋ ಅವರ ವಿಧಾನವೇ ಹಾಗಿತ್ತು. ಬದುಕಿರುವಾಗ ರೋಗಿಯ ಲಕ್ಷಣಗಳನ್ನು ವರ್ಷಗಟ್ಟಲೆ ಬರೆದಿಡುವುದು, ಸತ್ತ ಮೇಲೆ ದೇಹ ಕೊಯ್ದು ಒಳಗಿನ ಕಾರಣದೊಂದಿಗೆ ತಾಳೆ ನೋಡುವುದು. ನರವೈದ್ಯಶಾಸ್ತ್ರ ಇಂದಿಗೂ ಆ ಕೆಲಸಕ್ಕೆ ಋಣಿ. ಆದರೆ ಆ ಹೆಸರನ್ನೊಮ್ಮೆ ನೋಡಿ. ಅದರ ಒಂದೊಂದು ತುಂಡೂ ಶವದ ಮೇಜಿನ ಮೇಲೆ ಕಂಡದ್ದು. ಬದುಕಿದ್ದ ಮನುಷ್ಯನಿಗೆ ಏನನ್ನಿಸಿತು ಎಂಬುದಕ್ಕೆ ಅದರಲ್ಲಿ ಒಂದಕ್ಷರದ ಜಾಗವೂ ಇಲ್ಲ.

ಶಾರ್ಕೋ ಅವರ ಮಂಗಳವಾರದ ಪಾಠಗಳು ಯೂರೋಪಿನಲ್ಲೆಲ್ಲ ಹೆಸರುವಾಸಿಯಾಗಿದ್ದವು. ಹೊರರೋಗಿಗಳನ್ನು ವಿದ್ಯಾರ್ಥಿಗಳೆದುರು ಕರೆತಂದು ಅಲ್ಲೇ ಪರೀಕ್ಷಿಸಿ ಕಾಯಿಲೆ ಹೇಳುತ್ತಿದ್ದರು. ರೋಗಿಯನ್ನು ಪ್ರಶ್ನೆ ಕೇಳುತ್ತಿದ್ದರು, ನಿಜ. ಆದರೆ ಪ್ರಶ್ನೆಗಳೆಲ್ಲ ಲಕ್ಷಣ ಹುಡುಕಲು. ಆ ಮಂಗಳವಾರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ಮಂಗಳವಾರ ಬರುತ್ತದೆ.

ಸಾಮಾನ್ಯ ಜನರ ಬಾಯಲ್ಲಿ, ಅಮೆರಿಕದಲ್ಲಾದರೂ, ಈ ಕಾಯಿಲೆಗೆ ಬೇರೆ ಹೆಸರಿದೆ: ಲೂ ಗೆರಿಗ್ ಕಾಯಿಲೆ. ಗೆರಿಗ್ ನ್ಯೂಯಾರ್ಕ್ ಯಾಂಕೀಸ್ ತಂಡದ ಬೇಸ್‌ಬಾಲ್ ಆಟಗಾರ. ಒಂದೂ ತಪ್ಪಿಸದೆ ಸತತ 2,130 ಪಂದ್ಯ ಆಡಿದವರು. 1939ರ ಮೇ ತಿಂಗಳಲ್ಲಿ ತಾವಾಗಿಯೇ ಆಟದಿಂದ ಹೊರಗುಳಿದರು. ಜೂನ್ 19ರಂದು, ತಮ್ಮ 36ನೇ ಹುಟ್ಟುಹಬ್ಬದ ದಿನ, ಮೇಯೋ ಕ್ಲಿನಿಕ್‌ನಲ್ಲಿ ಕಾಯಿಲೆಯ ಹೆಸರು ಕೇಳಿದರು. ಜುಲೈ 4ರಂದು ತುಂಬಿದ ಕ್ರೀಡಾಂಗಣದಲ್ಲಿ ನಿಂತು, ಭೂಮಿಯ ಮೇಲೆ ತನ್ನಷ್ಟು ಅದೃಷ್ಟವಂತ ಇಲ್ಲವೆಂಬ ಅರ್ಥದ ಮಾತಾಡಿದರು. ಆ ಭಾಷಣ ಇಂದಿಗೂ ಧೈರ್ಯದ ಮಾದರಿಯಾಗಿ ನಿಂತಿದೆ.

ಅದರ ಹಿಂದಿನ ಕಥೆ ಅಷ್ಟು ಪ್ರಚಾರದಲ್ಲಿಲ್ಲ. ಪತ್ನಿ ಎಲೀನರ್ ವೈದ್ಯರಿಂದ ಪೂರ್ತಿ ಸತ್ಯ ತಿಳಿದುಕೊಂಡಿದ್ದರು, ಗಂಡನಿಗೆ ಅದನ್ನು ಹೇಳಬೇಡಿ ಎಂದಿದ್ದರು. ಈಗ ಇರುವಂತೆಯೇ ಉಳಿಯುವ ಸಾಧ್ಯತೆ ಅರ್ಧಕ್ಕರ್ಧ ಇದೆ ಎಂದು ಗೆರಿಗ್ ನಂಬಿ ಹೆಂಡತಿಗೆ ಪತ್ರ ಬರೆದರು. ವೈದ್ಯರು ವಿಟಮಿನ್ ಇಂಜೆಕ್ಷನ್ ಕೊಡುತ್ತ ಭರವಸೆಯ ಮಾತಾಡುತ್ತಲೇ ಇದ್ದರು. 1940ರ ಜನವರಿಯಿಂದ ಗೆರಿಗ್ ನ್ಯೂಯಾರ್ಕ್ ನಗರದ ಪೆರೋಲ್ ಮಂಡಳಿಯಲ್ಲಿ ಕೆಲಸ ಮಾಡಿದರು. 1941ರ ಜೂನ್ 2ರಂದು ತೀರಿಕೊಂಡರು. ಮಂಡಳಿಯ ಕೆಲಸವನ್ನು ತನ್ನ ಕೈಯಲ್ಲಿ ಸಹಿ ಹಾಕಲಾಗದಷ್ಟು ಬಲ ಕುಂದಿದ ಮೇಲೂ ಬಿಟ್ಟಿರಲಿಲ್ಲ. ಸುತ್ತಲಿನವರೆಲ್ಲ ಪ್ರೀತಿಯಿಂದಲೇ ಸುಳ್ಳು ಹೇಳಿದರು. ಆದರೆ ಆ ಪ್ರೀತಿಯ ನಡುವೆ ಭಯವನ್ನು ಹಂಚಿಕೊಳ್ಳಲು ಆ ಮನುಷ್ಯನಿಗೆ ಯಾರಿದ್ದರು?

‘ಅವರಿಗೆ ಹೇಳಬೇಡಿ ಡಾಕ್ಟ್ರೇ’ ಎಂಬ ಮಾತು ನಮ್ಮ ಮನೆಗಳಿಗೂ ಹೊಸತಲ್ಲ. ರಿಪೋರ್ಟು ಮೊದಲು ಮಗನ ಕೈಗೆ ಬರುತ್ತದೆ, ಅಪ್ಪನಿಗೆ ‘ನರದ ವೀಕ್ನೆಸ್ಸು’ ಎನ್ನಲಾಗುತ್ತದೆ. ಅಪ್ಪನಿಗೆ ಗೊತ್ತಾಗಿರುತ್ತದೆ. ಮಗನಿಗೆ ಬೇಜಾರಾಗಬಾರದೆಂದು ಅಪ್ಪನೂ ಸುಮ್ಮನಿರುತ್ತಾರೆ.

ಮುಚ್ಚಿಟ್ಟ ಮಾತು ಒಂದು ತೊಡಕಾದರೆ, ಮುಖ ಹೇಳುವ ಸುಳ್ಳು ಇನ್ನೊಂದು. ಈ ಕಾಯಿಲೆಯ ಹಲವರಲ್ಲಿ ಇದ್ದಕ್ಕಿದ್ದಂತೆ ಅಳು ಉಕ್ಕುತ್ತದೆ, ಅಥವಾ ಸಾವಿನ ಸುದ್ದಿ ಕೇಳುವಾಗ ನಗು ಬರುತ್ತದೆ. ಒಳಗೆ ಅಷ್ಟು ದುಃಖವೂ ಇರುವುದಿಲ್ಲ, ಅಂಥ ಸಂತೋಷವೂ ಇರುವುದಿಲ್ಲ. ಅಳುನಗುವನ್ನು ಹಿಡಿತದಲ್ಲಿಡುವ ಮಿದುಳಿನ ದಾರಿಗಳು ಕೆಟ್ಟಿರುತ್ತವೆ, ಅಷ್ಟೇ. ಲಂಡನ್ನಿನ ನರವೈದ್ಯ ಕಿನ್ನಿಯರ್ ವಿಲ್ಸನ್ 1924ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಇದಕ್ಕೆಂದೇ ಒಂದು ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2010ರಲ್ಲಿ. ಈ ಸಂಗತಿ ಗೊತ್ತಿಲ್ಲದ ಮನೆಯಲ್ಲಿ ಏನಾಗುತ್ತದೆ ಯೋಚಿಸಿ. ಅಮ್ಮ ಅಳುತ್ತಿದ್ದಾರೆಂದು ಎಲ್ಲರೂ ಮಾತು ನಿಲ್ಲಿಸುತ್ತಾರೆ, ಟಿವಿ ಆರಿಸುತ್ತಾರೆ, ಮಗುವನ್ನು ಹೊರಗೆ ಕರೆದೊಯ್ಯುತ್ತಾರೆ. ಅಮ್ಮನಿಗೆ ಬೇಕಿದ್ದದ್ದು ಆ ಮಗು ಅಲ್ಲೇ ಇರುವುದು. ಅದಕ್ಕೆ ತಿರುವುಮುರುವಾಗಿ, ಮುಖದ ಸ್ನಾಯು ಸೋತವರ ಚಹರೆ ಏನನ್ನೂ ತೋರಿಸುವುದಿಲ್ಲ. ನೋಡಿದವರು ಒಳಗೂ ಏನೂ ಇಲ್ಲವೆಂದುಕೊಳ್ಳುತ್ತಾರೆ.

ಹೀಗೆ ಹೊರಗಿನಿಂದ ನೋಡಿ ಒಳಗಿನದನ್ನು ಊಹಿಸುವುದು ಬಹಳ ಕಾಲ ನಡೆಯಿತು. ಬದಲಾವಣೆಗೆ ದಾರಿ ಮಾಡಿದವರಲ್ಲಿ ಸಿಸಿಲಿ ಸಾಂಡರ್ಸ್ ಒಬ್ಬರು. ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಆರಂಭಿಸಿದರು. ಅಲ್ಲಿ ಕ್ಯಾನ್ಸರ್ ರೋಗಿಗಳ ಜೊತೆಗೆ ಮೋಟಾರ್ ನ್ಯೂರಾನ್ ಕಾಯಿಲೆಯವರಿಗೂ ಜಾಗವಿತ್ತು. ನೋವೆಂದರೆ ದೇಹದ್ದು ಮಾತ್ರವಲ್ಲ. ಮನಸ್ಸಿನದು, ಸಂಬಂಧಗಳದ್ದು, ‘ನಾನೇಕೆ?’ ಎಂಬ ಪ್ರಶ್ನೆಯದು, ಎಲ್ಲ ಸೇರಿ ಒಂದೇ ನೋವು ಎಂದರು ಸಾಂಡರ್ಸ್. ಅದನ್ನು ತಿಳಿಯಲು ಅವರು ಹೇಳಿದ ದಾರಿ, ರೋಗಿಯ ಪಕ್ಕ ಕೂತು ಕೇಳಿಸಿಕೊಳ್ಳುವುದು.

ಕೇಳಿಸಿಕೊಳ್ಳಲು ಧ್ವನಿ ಬೇಕಲ್ಲ? ಇಲ್ಲಿ ಸ್ಟೀಫನ್ ಹಾಕಿಂಗ್ ಬರುತ್ತಾರೆ. 1963ರಲ್ಲಿ, 21ನೇ ವಯಸ್ಸಿನಲ್ಲಿ, ಎರಡು ವರ್ಷ ಬದುಕಬಹುದೆಂದು ಕೇಳಿದವರು 2018ರವರೆಗೆ ಬದುಕಿದರು. ಇದು ಅಪರೂಪದಲ್ಲಿ ಅಪರೂಪ, ಯಾರೂ ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದು. 1985ರಲ್ಲಿ ಜಿನೀವಾಕ್ಕೆ ಹೋಗಿದ್ದಾಗ ನ್ಯುಮೋನಿಯಾ ಆಯಿತು. ಉಸಿರಾಟದ ಯಂತ್ರ ನಿಲ್ಲಿಸಬಹುದೆಂದು ವೈದ್ಯರು ಸೂಚಿಸಿದರು, ಪತ್ನಿ ಜೇನ್ ಒಪ್ಪಲಿಲ್ಲ. ಗಂಟಲಿಗೆ ರಂಧ್ರ ಮಾಡಿ ಜೀವ ಉಳಿಸಿದರು, ಅಳಿದುಳಿದ ಮಾತು ಹೋಯಿತು. ಆಮೇಲೆ ಕೆಲಕಾಲ ಯಾರೋ ಅಕ್ಷರದ ಹಲಗೆ ಹಿಡಿಯುವುದು, ಬೇಕಾದ ಅಕ್ಷರ ಬಂದಾಗ ಅವರು ಹುಬ್ಬೇರಿಸುವುದು. ಕ್ಯಾಲಿಫೋರ್ನಿಯಾದ ವಾಲ್ಟರ್ ವೋಲ್ಟೋಸ್ ಇದೇ ಕಾಯಿಲೆಯಿದ್ದ ತಮ್ಮ ಅತ್ತೆಗಾಗಿ ಇಂಥ ಕಂಪ್ಯೂಟರ್ ಪ್ರೋಗ್ರಾಮಿನ ಕೆಲಸಕ್ಕೆ ಕೈಹಾಕಿದ್ದರು. ಅವರ ಪ್ರೋಗ್ರಾಮು ಹಾಕಿಂಗ್‌ಗೆ ಸಿಕ್ಕಿತು. ಧ್ವನಿಯ ಮೂಲ ಎಂಐಟಿಯ ವಿಜ್ಞಾನಿ ಡೆನ್ನಿಸ್ ಕ್ಲಾಟ್ ತಮ್ಮದೇ ದನಿಯ ಆಧಾರದ ಮೇಲೆ ರೂಪಿಸಿದ ಕೃತಕ ಧ್ವನಿ. ಥೈರಾಯ್ಡ್ ಕ್ಯಾನ್ಸರ್‌ನಿಂದ ತಮ್ಮ ಸ್ವಂತ ದನಿಯನ್ನೇ ಕಳೆದುಕೊಳ್ಳುತ್ತಿದ್ದ ಕ್ಲಾಟ್ 1988ರಲ್ಲಿ ತೀರಿಕೊಂಡರು. ಮುಂದೆ ಇನ್ನೂ ಸಹಜವಾದ ಧ್ವನಿಗಳು ಬಂದರೂ ಹಾಕಿಂಗ್ ಬದಲಿಸಿಕೊಳ್ಳಲಿಲ್ಲ. ಅದು ಅವರ ದನಿಯಾಗಿಬಿಟ್ಟಿತ್ತು. 2001ರ ಜನವರಿಯಲ್ಲಿ ಮುಂಬೈಗೂ ದೆಹಲಿಗೂ ಅವರು ಬಂದಾಗ ನಮ್ಮವರು ಕೇಳಿದ್ದು ಅದನ್ನೇ.

ಈಗ ಇನ್ನೊಂದು ಮಂಗಳವಾರ. ಮಾರಿ ಶ್ವಾರ್ಟ್ಸ್ ಬಾಸ್ಟನ್ ಬಳಿಯ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ಯುವಕರಾಗಿದ್ದಾಗ ಒಂದು ಮನೋರೋಗ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ನಡುವೆ ಕಾಲ ಕಳೆದು, ಆ ಅನುಭವದ ಮೇಲೆ 1954ರಲ್ಲಿ ಒಂದು ಮುಖ್ಯ ಪುಸ್ತಕವನ್ನು ಸಹಲೇಖಕರಾಗಿ ಬರೆದವರು. 1994ರಲ್ಲಿ ಅವರಿಗೇ ಎಎಲ್‌ಎಸ್ ಎಂದು ತಿಳಿಯಿತು. ಸತ್ತ ಮೇಲೆ ಹೊಗಳಿದರೆ ನನಗೆ ಕೇಳಿಸುವುದಿಲ್ಲವೆಂದು, ಬದುಕಿರುವಾಗಲೇ ಶ್ರದ್ಧಾಂಜಲಿ ಸಭೆ ಮಾಡಿಸಿಕೊಂಡರು. ಟಿವಿ ಸಂದರ್ಶನಗಳಲ್ಲಿ ತಮ್ಮ ಕಾಯಿಲೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದರು. ಹಳೆಯ ಶಿಷ್ಯ ಮಿಚ್ ಆಲ್ಬಂ ಅದನ್ನು ನೋಡಿ, ಡೆಟ್ರಾಯ್ಟ್‌ನಿಂದ ಮಂಗಳವಾರ ಮಂಗಳವಾರ ಬಂದು ಹಾಸಿಗೆಯ ಪಕ್ಕ ಕೂರತೊಡಗಿದರು. ಆ ಭೇಟಿಗಳಿಂದ ಹುಟ್ಟಿದ ಪುಸ್ತಕ 1997ರಲ್ಲಿ ಬಂತು, ನಿಮ್ಮಲ್ಲಿ ಹಲವರು ಓದಿರುತ್ತೀರಿ. ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸಿದರೆ ಸ್ವಲ್ಪ ಹೊತ್ತು ಅತ್ತುಬಿಡುತ್ತೇನೆ, ಆಮೇಲೆ ಆ ದಿನ ಬರುವವರ ಕಡೆಗೆ ಗಮನ ಕೊಡುತ್ತೇನೆ ಎಂಬರ್ಥದ ಮಾತನ್ನು ಮಾರಿ ಆಡುತ್ತಾರೆ. ಪ್ಯಾರಿಸಿನ ಮಂಗಳವಾರದಲ್ಲಿ ರೋಗಿ ಪಾಠದ ವಸ್ತುವಾಗಿದ್ದರು. ಈ ಮಂಗಳವಾರದಲ್ಲಿ ರೋಗಿಯೇ ಮೇಷ್ಟ್ರು.

ಆದರೆ ಎಲ್ಲರೂ ಮಾರಿಯಂತೆ ಇರಬೇಕಿಲ್ಲ. ನ್ಯೂಯಾರ್ಕಿನಲ್ಲಿದ್ದ ಇತಿಹಾಸಕಾರ ಟೋನಿ ಜಟ್‌ಗೆ 2008ರಲ್ಲಿ ಇದೇ ಕಾಯಿಲೆ ಪತ್ತೆಯಾಯಿತು. ರಾತ್ರಿಯಿಡೀ ಮಗ್ಗುಲು ಬದಲಿಸಲಾಗದೆ, ತುರಿಸಿದರೆ ಕೆರೆದುಕೊಳ್ಳಲಾಗದೆ ಮಲಗಿರುವುದು ಹೇಗಿರುತ್ತದೆ ಎಂದು ಅವರು ಬರೆದ ಪ್ರಬಂಧ ಓದಿ ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಬಾಲ್ಯದಲ್ಲಿ ಕಂಡ ಸ್ವಿಟ್ಜರ್ಲೆಂಡಿನ ಒಂದು ಮರದ ಮನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಅದರ ಕೋಣೆಕೋಣೆಗಳಲ್ಲಿ ವಾಕ್ಯಗಳನ್ನು ಜೋಡಿಸಿಟ್ಟು, ಬೆಳಗಾದ ಮೇಲೆ ಹೇಳಿ ಬರೆಸುತ್ತಿದ್ದರು. ಅವರು ಯಾವ ಸಮಾಧಾನವನ್ನೂ ಒಪ್ಪಲಿಲ್ಲ. ನಷ್ಟ ನಷ್ಟವೇ, ಅದಕ್ಕೆ ಚಂದದ ಹೆಸರು ಬೇಡ ಎಂಬುದು ಅವರ ನಿಲುವು. 2010ರ ಆಗಸ್ಟ್‌ನಲ್ಲಿ ತೀರಿಕೊಂಡರು. ಮಾರಿಯವರ ಶಾಂತಿ ಎಷ್ಟು ನಿಜವೋ ಜಟ್ ಅವರ ಸಿಟ್ಟೂ ಅಷ್ಟೇ ನಿಜ. ಇಬ್ಬರಿಗೂ ಸಿಕ್ಕಿದ ಭಾಗ್ಯ ಒಂದೇ, ಅವರು ಹೇಳುವುದನ್ನು ಕೇಳಿ ಬರೆದುಕೊಳ್ಳುವವರಿದ್ದರು.

ಇದೇ ಕಾಲಕ್ಕೆ ಸಂಶೋಧಕರೂ ಕೇಳತೊಡಗಿದ್ದರು. 2000ದಲ್ಲಿ ಪೆನ್ಸಿಲ್ವೇನಿಯಾದ ಜಕಾರಿ ಸಿಮನ್ಸ್ ಮತ್ತು ಸಂಗಡಿಗರು 96 ಎಎಲ್‌ಎಸ್ ರೋಗಿಗಳನ್ನು ಕೇಳಿ ಬರೆದ ಪ್ರಬಂಧದ ತಿರುಳಿದು: ಬದುಕು ಹೇಗಿದೆ ಎಂಬುದಕ್ಕೆ ಅವರು ಕೊಡುವ ಅಂಕ ಕೈಕಾಲಿನ ಬಲವನ್ನು ಅವಲಂಬಿಸಿಲ್ಲ. ಜೊತೆಗೆ ಯಾರಿದ್ದಾರೆ, ಬದುಕಿಗೆ ಅರ್ಥವಿದೆ ಅನ್ನಿಸುತ್ತದೆಯೇ ಎಂಬಂಥವೇ ಮುಖ್ಯ. ಹಾಗೆಂದು ಎಲ್ಲ ಸುಖವಾಗಿದೆ ಎಂದಲ್ಲ. ಸ್ವೀಡನ್ನಿನಲ್ಲಿ 1965ರಿಂದ 2004ರವರೆಗಿನ ದಾಖಲೆಗಳನ್ನು ನೋಡಿದವರಿಗೆ, ಈ ರೋಗಿಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಉಳಿದವರಿಗಿಂತ ಸುಮಾರು ಆರು ಪಟ್ಟು ಕಂಡಿತು. ಅಪಾಯ ಹೆಚ್ಚಿದ್ದದ್ದು ಕಾಯಿಲೆ ತಿಳಿದ ಆರಂಭದ ದಿನಗಳಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ನಾವು ಹೆಚ್ಚು ಮರುಗುವುದು ಹಾಸಿಗೆ ಹಿಡಿದ ಮೇಲೆ. ಅವರಿಗೆ ಜೊತೆ ಬಹಳ ಬೇಕಾಗುವುದು, ನೋಡಲು ಇನ್ನೂ ಚೆನ್ನಾಗಿಯೇ ಕಾಣುತ್ತಿರುವಾಗ.

ಆದರೆ ಕೇಳುವ ಆತುರದಲ್ಲೂ ಅಪಾಯವಿದೆ. ಕಣ್ಣೂ ನಿಂತುಹೋದವರ ಕಥೆ ಅದನ್ನೇ ಹೇಳುತ್ತದೆ. 2017ರಲ್ಲಿ ಯೂರೋಪಿನ ಒಂದು ತಂಡ, ಪೂರ್ತಿ ಅಲುಗಾಟ ನಿಂತ ನಾಲ್ವರು ಎಎಲ್‌ಎಸ್ ರೋಗಿಗಳ ತಲೆಗೆ ಸಾಧನ ತೊಡಿಸಿ, ಮಿದುಳಿನ ರಕ್ತದ ಹರಿವಿನಿಂದ ಹೌದು-ಅಲ್ಲ ಉತ್ತರ ಪಡೆದೆವು ಎಂದು ಪ್ರಕಟಿಸಿತು. ಅವರು ಸುಖವಾಗಿದ್ದಾರಂತೆ ಎಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. 2019ರಲ್ಲಿ ಜರ್ಮನಿಯ ಸಂಶೋಧನಾ ನಿಧಿ ಸಂಸ್ಥೆ ವಿಚಾರಣೆ ನಡೆಸಿ ದತ್ತಾಂಶದಲ್ಲಿ ಲೋಪಗಳಿವೆ ಎಂದಿತು, ಪತ್ರಿಕೆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಲೇಖಕರು ತಮ್ಮ ಕೆಲಸವನ್ನು ಸಮರ್ಥಿಸಿಕೊಂಡರು. ಏನೇ ಇರಲಿ, ಆ ‘ಸುಖವಾಗಿದ್ದೇವೆ’ ಎಂಬ ಮಾತು ರೋಗಿಗಳದೇ ಎಂದು ಇನ್ನು ಹೇಳುವಂತಿರಲಿಲ್ಲ. ಕೇಳುವವರಿಗೆ ಬೇಕಾಗಿದ್ದ ಉತ್ತರ ಅದು, ಆದ್ದರಿಂದಲೇ ಅಷ್ಟು ಬೇಗ ನಂಬಿದೆವು.

2022ರಲ್ಲಿ ಇನ್ನೊಂದು ಪ್ರಯೋಗದ ವರದಿ ಬಂತು. ಹಿಂದಿನ ತಂಡದ ಕೆಲವರು ಇದರಲ್ಲೂ ಇದ್ದುದರಿಂದ ಜನ ಅನುಮಾನದಿಂದಲೇ ಓದಿದರು. ಈ ಸಲ ಮಿದುಳಿನೊಳಗೇ ವಿದ್ಯುದ್ವಾರಗಳನ್ನು ಇಟ್ಟಿದ್ದರು. ಕಂಪ್ಯೂಟರ್ ಮೊದಲು ಅಕ್ಷರಗಳ ಗುಂಪನ್ನು, ಆಮೇಲೆ ಒಂದೊಂದೇ ಅಕ್ಷರವನ್ನು ಓದಿ ಹೇಳುತ್ತದೆ, ರೋಗಿ ಹೌದು-ಅಲ್ಲ ಎನ್ನುತ್ತಾರೆ. ನಿಮಿಷಕ್ಕೆ ಸುಮಾರು ಒಂದು ಅಕ್ಷರ. ಆ ವೇಗದಲ್ಲಿ ಆತ ಕೇಳಿದ್ದೇನು ಗೊತ್ತೇ? ಸೂಪು, ತನಗಿಷ್ಟವಾದ ರಾಕ್ ತಂಡದ ಆಲ್ಬಂ, ಅದೂ ಜೋರಾಗಿ. ಪುಟ್ಟ ಮಗನಿಗೆ ಪ್ರೀತಿಯ ಮಾತು. ‘ಸುಖವೋ ದುಃಖವೋ’ ಎಂಬ ನಮ್ಮ ದೊಡ್ಡ ಪ್ರಶ್ನೆಗೆ ಆ ಮನುಷ್ಯ ಇಟ್ಟ ಉತ್ತರ ಇಂಥ ಸಣ್ಣ ಬೇಡಿಕೆಗಳಲ್ಲಿತ್ತು.

ನಮ್ಮ ಕಡೆಗೆ ಬರೋಣ. ದಕ್ಷಿಣ ಭಾರತಕ್ಕೆ ಈ ಚರಿತ್ರೆಯಲ್ಲಿ ತನ್ನದೇ ಒಂದು ಪುಟವಿದೆ. 1970ರಲ್ಲಿ ಮದರಾಸಿನ ವೈದ್ಯರು ಬೇರೆಯದೇ ಬಗೆಯೊಂದನ್ನು ಗುರುತಿಸಿದರು: ಎಳೆಯ ವಯಸ್ಸಿನಲ್ಲಿ ಶುರುವಾಗಿ, ಮುಖ, ನಾಲಿಗೆ ಸೋತು, ಕಿವಿಯೂ ಮಂದವಾಗಿ, ನಿಧಾನವಾಗಿ ಮುಂದುವರಿಯುವುದು. ಅದಕ್ಕೆ ಮದ್ರಾಸ್ ಮೋಟಾರ್ ನ್ಯೂರಾನ್ ಡಿಸೀಸ್ ಎಂದೇ ಹೆಸರು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 36 ವರ್ಷಗಳಲ್ಲಿ ತಾವು ಕಂಡ ಇಂಥ 116 ಜನರ ವಿವರವನ್ನು 2008ರಲ್ಲಿ ಪ್ರಕಟಿಸಿದರು. ಕೇಳುವ ಕಿವಿ, ಆಡುವ ನಾಲಿಗೆ ಎರಡೂ ಕಳೆದುಕೊಂಡು ದಶಕಗಟ್ಟಲೆ ಬದುಕಬೇಕಾದವರು. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರೂ ನರವೈದ್ಯರೂ ಒಂದೇ ಆವರಣದಲ್ಲಿ ಇರುವುದು ಇಂಥವರಿಗೆ ದೊಡ್ಡ ಅನುಕೂಲ. ಆದರೆ ಮನೆಗೆ ಮರಳಿದ ಮೇಲೆ ಮಾತಿನ ಗತಿಯೇನು?

ಇಲ್ಲಿ ನನ್ನ ಓದಿನಿಂದ ಒಂದು ಮಾತು ಸೇರಿಸುತ್ತೇನೆ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮಕ್ಕೆ ಯಾವ ತರ್ಕವೂ ಇಲ್ಲ, ಅದಕ್ಕೇ ಅಲ್ಲಿ ಹಲಗೆ ಮಾಡುವವರು ಅಕ್ಷರಗಳನ್ನು ಬೇರೆ ಬಗೆಯಲ್ಲಿ ಜೋಡಿಸಿಕೊಳ್ಳಬೇಕಾಗುತ್ತದೆ. ನಮ್ಮ ವರ್ಣಮಾಲೆ ಹುಟ್ಟಿನಿಂದಲೇ ಸಾಲುಸಾಲಾಗಿದೆ, ಶಾಲೆಗೆ ಹೋದವರಿಗೆಲ್ಲ ಬಾಯಿಪಾಠ. ಸ್ವರದ ಸಾಲು, ಆಮೇಲೆ ಕ, ಚ, ಟ, ತ, ಪ ಸಾಲುಗಳು, ಕೊನೆಗೆ ಯ ಸಾಲು, ಒಟ್ಟು ಏಳು. ಪಕ್ಕದಲ್ಲಿರುವವರು ಸಾಲುಗಳನ್ನು ಹೇಳುತ್ತ ಹೋಗಬೇಕು, ಬೇಕಾದ ಸಾಲಿಗೆ ರೋಗಿ ಕಣ್ಣು ಮಿಟುಕಿಸಬೇಕು. ಆಮೇಲೆ ಆ ಸಾಲಿನ ಅಕ್ಷರ, ಆಮೇಲೆ ಕಾಗುಣಿತ. ‘ನೀರು’ ಎನ್ನಲು ಹೇಳುವವರು 28 ಸಲ ಹೇಳಬೇಕು, ಕೇಳುವವರು 6 ಸಲ ಕಣ್ಣು ಮಿಟುಕಿಸಿದರೆ ಸಾಕು. ಬೇಕಿರುವುದು ಒಂದು ಹಾಳೆ, ಒಂದು ಪೆನ್ನು, ಮತ್ತು ತಾಳ್ಮೆ.

ತಾಳ್ಮೆ ಏಕೆಂದರೆ ಕನ್ನಡದಲ್ಲಿ ಒಂದು ವಿಶೇಷ ಅಪಾಯವಿದೆ. ನಮ್ಮ ವಾಕ್ಯದ ತೀರ್ಮಾನ ಕೊನೆಯಲ್ಲಿರುತ್ತದೆ. ‘ನನಗೆ ಆ ಮಿಷಿನ್ನು ಬೇ...’ ಎಂಬಲ್ಲಿಗೆ ಬಂದಾಗ, ಪ್ರೀತಿಯ ಆತುರದಲ್ಲಿ ನಾವೇ ಮುಗಿಸಿಬಿಡುತ್ತೇವೆ. ಉಸಿರಾಟದ ಯಂತ್ರ ‘ಬೇಕು’ ಎಂಬುದಕ್ಕೂ ‘ಬೇಡ’ ಎಂಬುದಕ್ಕೂ ನಡುವೆ ಇರುವುದು ಒಂದೇ ಅಕ್ಷರ. ಗೆರಿಗ್ ಅವರ ಮನೆಯವರು, ಜಿನೀವಾದ ವೈದ್ಯರು, ಹಿಂತೆಗೆದುಕೊಂಡ ಆ ಪ್ರಬಂಧ ಓದಿ ಕಣ್ಣೊರೆಸಿಕೊಂಡ ನಾವೆಲ್ಲರೂ ಬೇರೆ ಬೇರೆ ರೀತಿಯಲ್ಲಿ ಇನ್ನೊಬ್ಬರ ವಾಕ್ಯವನ್ನು ನಾವೇ ಮುಗಿಸಿದವರೇ.

ಆ ಪ್ರಶ್ನಾವಳಿಯಲ್ಲಿ ‘ಬೇಜಾರು’ ತೆಗೆದು ಕೊನೆಗೆ ನಾನು ಬರೆದದ್ದು, ‘ಈಚೆಗೆ ಮನಸ್ಸು ಹೇಗಿದೆ?’ ಎಂದು. ಹೌದು-ಇಲ್ಲ ಎಂದು ಗೆರೆ ಹಾಕಲು ಬಾರದ ಪ್ರಶ್ನೆ ಅದು, ಹಾಗಾಗಿ ಅವರು ಒಪ್ಪಲಿಲ್ಲ. ಅಂಕ ಕೊಡುವವರಿಗೆ ಅದರಿಂದ ಕಷ್ಟವೇ ಸರಿ. ಆದರೆ ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇಂಥವರಿದ್ದರೆ ಅದನ್ನೇ ಕೇಳಿ. ಕೇಳಿದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತುಕೊಳ್ಳಿ. ಉತ್ತರ ಬರಲು ಹೊತ್ತಾಗುತ್ತದೆ.